'ಫ್ಯಾಟ್ ಕ್ವಾರ್ಟರ್' ಅಂದರೆ 'ದಪ್ಪ ಕಾಲು'? ಕೌದಿ ಕೆಲಸದ ಕೆಲವು ಪದಗಳು ಬೇಕಾಗಿವೆ

ಎಲ್ಲರಿಗೂ ನಮಸ್ಕಾರ.

ಎರಡೇ ಪುಟದ ಅನುವಾದ, ಅದರಲ್ಲೇ ಸಿಕ್ಕಿಹಾಕಿಕೊಂಡಿದ್ದೇನೆ. ನಾವು ಒಂಬತ್ತು ಜನ ಸೇರಿ 'ಮಿಸ್ಟರಿ ಕ್ವಿಲ್ಟ್' (ಅಮೆರಿಕದ ಬಗೆಯ ಕೌದಿ) ಹೊಲಿಯಲು ಹೊರಟಿದ್ದೇವೆ. ಇದರಲ್ಲಿ ಹೊದಿಕೆ ಕೊನೆಗೆ ಹೇಗೆ ಕಾಣುತ್ತೆ ಅಂತ ಹೊಲಿಯುವವರಿಗೆ ಮೊದಲು ಹೇಳುವುದೇ ಇಲ್ಲ. ಯಾವ ಬಟ್ಟೆ ಎಷ್ಟು ತೆಗೆದಿಡಬೇಕು, ಏನೇನು ಸಾಮಾನು ಬೇಕು, ಅಷ್ಟು ಮಾತ್ರ ಗೊತ್ತು. ಆಮೇಲೆ ವಾರಕ್ಕೊಂದು ಚೀಟಿ ಬರುತ್ತದೆ. ಅವರವರ ಮನೆಯಲ್ಲಿ ಹೊಲಿಯುತ್ತಾ ಹೋಗಬೇಕು.

ಒಂಬತ್ತರಲ್ಲಿ ಇಬ್ಬರು ನಮ್ಮವ್ವ ಮತ್ತು ನಮ್ಮ ಕಾಕು (ಚಿಕ್ಕಮ್ಮ). ಇಬ್ಬರೂ ವಿಜಯಪುರದ ಕಡೆಯವರು, ಮದುವೆಯಾದಾಗಿನಿಂದ ಕೌದಿ ಹೊಲಿದವರು, ಇಂಗ್ಲಿಷ್ ಓದುವವರಲ್ಲ. ಅವರಿಗಾಗಿ ತಯಾರಿಯ ಚೀಟಿಯನ್ನು ಕನ್ನಡಕ್ಕೆ ತರುವ ಕೆಲಸ ನನ್ನದಾಯಿತು.

ಮೊದಲ ಸಾಲಿನಲ್ಲೇ 'ಫ್ಯಾಟ್ ಕ್ವಾರ್ಟರ್'. ನಾನು ಸುಮ್ನೆ 'ದಪ್ಪ ಕಾಲು, 12' ಅಂತ ಬರೆದು ಕಳಿಸಿದೆ. ಕಾಕು ಫೋನ್ ಮಾಡಿ, "ಹನ್ನೆರಡು ದಪ್ಪ ಕಾಲು ಯಾರವು ತರಬೇಕವ್ವಾ?" ಅಂದರು. ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನುವುದನ್ನು ಕೇಳಿದ್ದೆ, ಕಾಲಿನಿಂದಲೇ ಹಾಸಿಗೆ ಮಾಡುವುದು ಇದೇ ಮೊದಲು.

ಸಂಗತಿ ಇಷ್ಟು. 44 ಇಂಚು ಪನ್ನದ, ಅಂದರೆ ಅಗಲದ, ಬಟ್ಟೆಯಲ್ಲಿ ಕಾಲು ಗಜ ಕೇಳಿದರೆ ಅಂಗಡಿಯವರು 9 ಇಂಚು ಅಗಲದ ಉದ್ದ ಪಟ್ಟಿ ಕೊಡುತ್ತಾರೆ. ಅದರ ಬದಲು ಅರ್ಧ ಗಜ ಕತ್ತರಿಸಿ ನಟ್ಟನಡುವೆ ಸೀಳಿದರೆ 18ಕ್ಕೆ 22 ಇಂಚಿನ ತುಂಡು ಬರುತ್ತದೆ. ಅದೇ ಫ್ಯಾಟ್ ಕ್ವಾರ್ಟರ್. ಎರಡೂ 396 ಚದರ ಇಂಚೇ. ಆದರೆ ಎರಡನೆಯದರಲ್ಲಿ 10 ಇಂಚಿನ ಚೌಕ ತೆಗೆಯಬಹುದು, ಮೊದಲನೆಯದರಲ್ಲಿ ಆಗುವುದಿಲ್ಲ. ಸದ್ಯಕ್ಕೆ ಫ್ಯಾಟ್ ಕ್ವಾರ್ಟರನ್ನು 'ಅಗಲ ಕಾಲುಗಜ', ಆ ಪಟ್ಟಿಯನ್ನು 'ಉದ್ದ ಕಾಲುಗಜ' ಅಂತ ಮಾಡಿದ್ದೇನೆ. 'ಗಜ' ಸೇರಿದ ಮೇಲೆ ಮೊಣಕಾಲಿನ ನೆನಪಾಗುವುದಿಲ್ಲ. ಹಳೆಯ ಬಟ್ಟೆ ಅಂಗಡಿಗಳಲ್ಲಿ ಇಂಥ ತುಂಡಿಗೆ ಬೇರೆ ಹೆಸರೇನಾದರೂ ಇತ್ತೇ?

ಸಲಕರಣೆಗಳಲ್ಲಿ ನಾನು ಹೆದರಿದಷ್ಟು ಕಷ್ಟವಾಗಲಿಲ್ಲ. 'ರೋಟರಿ ಕಟರ್' ಜಪಾನಿನ ಓಲ್ಫಾ ಕಂಪನಿ 1979ರಲ್ಲಿ ತಂದದ್ದು. ಹಿಡಿಕೆಯ ತುದಿಯಲ್ಲಿ ತಿರುಗುವ ದುಂಡನೆಯ ಬ್ಲೇಡು. ಅವ್ವನಿಗೆ ಫೋಟೋ ತೋರಿಸಿದೆ. "ಕರ್ಚಿಕಾಯಿ ಅಂಚು ಕತ್ತರಸೋದಲ್ಲೇನ ಇದು?" ಅಂದಳು. ಅದೇ ತತ್ವ, ಹಲ್ಲಿಲ್ಲ ಅಷ್ಟೇ. 'ಗಾಲಿ ಚಾಕು' ಅಂತ ಹೆಸರಿಟ್ಟದ್ದೂ ಅವಳೇ. ಅದರ ಕೆಳಗೆ ಹಾಸುವ ಗೆರೆಗಳಿರುವ ಮ್ಯಾಟ್‌ಗೆ 'ಗೆರೆಮಣೆ'. ಚಪಾತಿ ಮಣೆ, ಈಳಿಗೆಮಣೆ ಇರುವಾಗ ಇದೂ ಒಂದು ಮಣೆ ಆಗಲಿ ಬಿಡಿ. ಸೂಜಿ, ದಬ್ಬಣ, ಅಂಗುಸ್ತಾನ ಇದ್ದೇ ಇವೆ. ಬಟ್ಟೆ ಮೊದಲೇ ಒಗೆದಿಡಿ ಅನ್ನುವುದಕ್ಕೆ ನಾನು ಮೂರು ಸಾಲು ಬರೆದಿದ್ದೆ. ಕಾಕು ಒಂದೇ ಸಾಲಿಗೆ ಇಳಿಸಿದರು: "ಕೋರಾ ಅರಿವಿ ಒಮ್ಮೆ ನೀರು ಕಾಣಬೇಕು." ನಾನು ಆ ಮಾತು ಕೇಳದೆ ಒಂದು ಕೆಂಪು ತುಂಡನ್ನು ಹಾಗೇ ಹೊಲಿದೆ. ಅದು ಬಣ್ಣ ಬಿಟ್ಟು, ಪಕ್ಕದ ಬಿಳಿ ಚೌಕ ಈಗ ಬೀಟ್‌ರೂಟ್ ಪಲ್ಯ ಬಡಿಸಿದ ತಟ್ಟೆಯ ಹಾಗಿದೆ.

ನಿಜವಾದ ತೊಡಕು 'ತೇಪೆ'ಯಲ್ಲಿ. 'ಪ್ಯಾಚ್‌ವರ್ಕ್'ಗೆ ನಿಘಂಟು ನೋಡಿದರೂ, ಯಾರನ್ನು ಕೇಳಿದರೂ ತೇಪೆ ಕೆಲಸ ಅನ್ನುತ್ತಾರೆ. ನಾನೂ 'ತೇಪೆಗಳನ್ನು ಜೋಡಿಸಿ' ಅಂತ ಬರೆದೆ. ಕಾಕು ಚೌಕಗಳನ್ನು ಒಂದರ ಮೇಲೊಂದು ಅರ್ಧರ್ಧ ಏರಿಸಿ, ಅಂಚು ಮಡಚಿ, ಹೊಲಿದು ಕಳಿಸಿದರು. ತಪ್ಪು ಅವರದಲ್ಲ, ಪದದ್ದು. ತೇಪೆ ಯಾವಾಗಲೂ ಇನ್ನೊಂದು ಬಟ್ಟೆಯ ಮೇಲೆ ಕೂರುತ್ತದೆ. ಅದನ್ನು 'ಹಚ್ಚುತ್ತೇವೆ'. ಕೌದಿಯಲ್ಲಿ ನಡೆಯುವುದೂ ಅದೇ: ಕೆಳಗೆ ಹಳೆ ಸೀರೆಯ ಪದರು, ಮೇಲೆ ತುಂಡುಗಳು, ಎಲ್ಲವನ್ನೂ ಹಿಡಿದಿಡುವ ಓಟದ ಹೊಲಿಗೆ. ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ, ಮುಂಡಗೋಡದ ಸಿದ್ದಿ ಹೆಂಗಸರ ಕವಂದಿಯೂ ಹೀಗೆಯೇ. ಮೂಲೆಯಿಂದ ಶುರು ಮಾಡಿ ಅಂಚಿನ ಸುತ್ತ ಹೊಲಿಯುತ್ತಾ ಒಳಗೆ ಬರುತ್ತಾರೆ. ಕೊನೆಗೆ ನಾಲ್ಕೂ ಮೂಲೆಗೆ ಮಡಚಿದ ಮುಕ್ಕೋನದ 'ಫೂಲ' ಇಡದಿದ್ದರೆ ಕವಂದಿ ಬರಿಮೈಯಲ್ಲಿದೆ ಅನ್ನುತ್ತಾರಂತೆ.

ಅಮೆರಿಕದ ಕ್ವಿಲ್ಟಿನಲ್ಲಿ ಮೇಲ್ಪದರ ಹೊಲಿಯುವಾಗ ಕೆಳಗೆ ಸಾಮಾನ್ಯವಾಗಿ ಆಧಾರದ ಬಟ್ಟೆ ಇರುವುದಿಲ್ಲ. ತುಂಡಿನ ಅಂಚಿಗೆ ತುಂಡಿನ ಅಂಚು ಸೇರಿಸಿ ಹೊಲಿದೇ ಬಟ್ಟೆ ಹುಟ್ಟಬೇಕು. ಹಾಗಾಗಿ ಅಲ್ಲಿನ 'ಪೀಸ್' ನಮ್ಮ ತೇಪೆ ಅಲ್ಲ, 'ಪೀಸಿಂಗ್' ತೇಪೆ ಹಚ್ಚುವುದಲ್ಲ. ನಾನು 'ತುಂಡು', 'ತುಂಡು ಕೂಡಿಸುವುದು' ಅಂತ ತಿದ್ದಿದೆ. ಸಪ್ಪೆ ಅನಿಸಿದರೂ ಕಾಕು ಈ ಸಲ ಸರಿಯಾಗಿ ಹೊಲಿದರು. ಇದಕ್ಕಿಂತ ಗಟ್ಟಿಯಾದ ಕ್ರಿಯಾಪದ ನಿಮ್ಮ ಕಡೆ ಇದೆಯಾ? ಹಾಗೇ ಇನ್ನೊಂದು: ಕೌದಿ, ಕವದಿ, ಕವಂದಿ ಒಂದೇ ಬೇರಿನವು ಅನ್ನುವುದಕ್ಕೆ ಹಳೆಯ ಬರಹಗಳಲ್ಲಿ ಆಧಾರ ಸಿಕ್ಕೀತೇ?

ಅಂಚಿಗೆ ಅಂಚು ಕೂಡಿಸುವುದರಿಂದಲೇ 'ಸೀಮ್ ಅಲೋಯನ್ಸ್', ಅಂದರೆ ಹೊಲಿಗೆಯಿಂದ ಅಂಚಿನವರೆಗೆ ಬಿಡುವ ಬಟ್ಟೆಯ ಪ್ರಶ್ನೆ ಬರುತ್ತದೆ. ದರ್ಜಿಗಳು 'ಮಾರ್ಜಿನ್' ಅನ್ನುತ್ತಾರೆ, ಅದನ್ನೇ ಇಟ್ಟೆ. ಕಷ್ಟ ಅಳತೆಯದು. ಇಲ್ಲಿ ಮಾರ್ಜಿನ್ ಕಾಲು ಇಂಚು, ಅದೂ ಒಂದೆರಡು ಎಳೆ ಕಡಿಮೆ. ಯಾಕೆಂದರೆ ಹೊಲಿಗೆಯ ಮೇಲೆ ಬಟ್ಟೆ ಮಡಚಿಕೊಳ್ಳುವಾಗ ಅಷ್ಟು ತಿನ್ನುತ್ತದೆ. ಒಂದೂವರೆ ಇಂಚಿನ ಮೂರು ಪಟ್ಟಿ ಕೂಡಿಸಿ ನೋಡಿ. ನಡುವಿನದು ಸರಿಯಾಗಿ 1 ಇಂಚು ಕಾಣಬೇಕು. ಪ್ರತಿ ಹೊಲಿಗೆಯಲ್ಲಿ ಬರೀ 1/16 ಇಂಚು ಜಾಸ್ತಿ ಹಿಡಿದರೂ, ಎರಡೂ ಕಡೆಯಿಂದ ಹೋಗುವುದರಿಂದ, ಎಂಟು ಹೊಲಿಗೆಗೆ ಒಂದು ಇಂಚು ಮಾಯ. 'ಸ್ಕ್ಯಾಂಟ್ ಕ್ವಾರ್ಟರ್' ಅನ್ನುವ ಈ ಅಳತೆಗೆ ನಾನು 'ಕಾಲು ಇಂಚಿಗೆ ಎಳೆ ಕಡಿಮೆ' ಅಂದೆ. ಪಕ್ಕದಲ್ಲೇ ಬಾಗಿಲು ಕೂಡಿಸುತ್ತಿದ್ದ ಬಡಗಿ, "ಎರಡು ಸೂತಕ್ಕ ಒಂದೆಳಿ ಕಮ್ಮಿ ಅನ್ರಿ, ಮುಗೀತು" ಅಂದರು. ಒಂದು ಸೂತ ಅಂದರೆ ಇಂಚಿನ ಎಂಟನೇ ಒಂದು ಭಾಗ. ಬಡಗಿಯ ಸೂತ ಬಟ್ಟೆಗೂ ಸಲ್ಲುತ್ತೆ ಅಲ್ವಾ?

ಇನ್ನು 'ಮಿಸ್ಟರಿ'. ರಹಸ್ಯ, ನಿಗೂಢ ಎರಡೂ ಪತ್ತೇದಾರಿ ಕಾದಂಬರಿಯ ರಟ್ಟಿನ ಹಾಗೆ ಕೇಳುತ್ತವೆ. ನನಗೆ ಇಷ್ಟವಾದದ್ದು 'ಒಡಪಿನ ಕೌದಿ'. ನಮ್ಮ ಕಡೆ ಒಡಪು ಅಂದರೆ ಒಗಟೂ ಹೌದು, ಗಂಡನ ಹೆಸರನ್ನು ಪದ್ಯದಲ್ಲಿ ಸುತ್ತಿ ಕೊನೆಗೆ ಹೇಳುವುದೂ ಹೌದು. ಹೆಸರು ಕಡೇ ಸಾಲಿನವರೆಗೂ ಹೊರಬೀಳುವುದಿಲ್ಲ. ಮೈಸೂರು, ಮಂಗಳೂರು ಕಡೆಯವರಿಗೆ ಈ ಪದ ಹಿಡಿಸುತ್ತದೋ ಇಲ್ಲವೋ, ಹೇಳಿ.

ವಾರದ ಚೀಟಿಗೆ ಇಂಗ್ಲಿಷಿನಲ್ಲಿ 'ಕ್ಲೂ' ಅನ್ನುತ್ತಾರೆ. ಆ ಪದಕ್ಕೆ ಮೊದಲಿದ್ದ ಅರ್ಥ ನೂಲಿನ ಉಂಡೆ, ಹಾಗಾಗಿ ಹೊಲಿಗೆಗೆ ಹೊಂದುತ್ತದೆ. ನಮ್ಮ 'ಸುಳಿವು' ಹೊಂದುವುದಿಲ್ಲ. ಆ ಚೀಟಿಯಲ್ಲಿ ಊಹಿಸುವುದಕ್ಕೆ ಏನೂ ಇರುವುದಿಲ್ಲ, ಇಷ್ಟು ಕತ್ತರಿಸಿ, ಇಷ್ಟು ಹೊಲಿಯಿರಿ ಅಂತ ಮಾತ್ರ ಇರುತ್ತದೆ. 'ಕಂತು' ಅಂತ ಹಾಕಿದ್ದೇನೆ. "ಸಾಲದ್ದೇನ?" ಅಂತ ಅವ್ವ ಕೇಳಿದಳು, ಆದರೂ ಬದಲಿಸಿಲ್ಲ.

ಪೂರ್ತಿ ಕೈಕೊಟ್ಟಿರುವ ಪದ ಒಂದೇ, 'ವ್ಯಾಲ್ಯೂ'. ಚೀಟಿಯಲ್ಲಿ ಬಣ್ಣದ ಹೆಸರಿಲ್ಲ. ತಿಳಿ, ನಡುವಿನದು, ಕಡು ಅಂತ ಮೂರು ಗುಂಪು ಮಾಡಿಡಿ ಅಂತಷ್ಟೇ ಇದೆ. 'ಛಾಯೆ' ಅಂದರೆ ಬಣ್ಣದ ಒಳಭೇದ ಅನಿಸುತ್ತದೆ, 'ಗಾಢತೆ' ಅಂದರೆ ಬಣ್ಣ ಢಾಳಾಗಿದೆ ಅಂತ. ಕಾಕು ಅರಿಸಿನ ಬಣ್ಣದ ಖಣವನ್ನು ಕಡು ಗುಂಪಿಗೆ ಹಾಕಿದ್ದರು, ಕಣ್ಣಿಗೆ ಹೊಡೆಯುತ್ತದಲ್ಲ ಅಂತ. ಫೋನಿನಲ್ಲಿ ಕಪ್ಪುಬಿಳುಪು ಫೋಟೋ ತೆಗೆದು ತೋರಿಸಿದೆ, ಅದು ತಿಳಿಯಾಗಿ ಬಂತು. ಬಹಳ ಹೊತ್ತು ನೋಡಿದರು. "ಬಣ್ಣ ತಗದ ಮ್ಯಾಲ ಉಳಿಯೋದು ಇದು ಹೌದಲ್ಲ? ಇದಕ್ಕೇನ ಅಂತಾರ?" ಅಂತ ಕೇಳಿದರು. ಮೊದಲ ಕಂತು ಶನಿವಾರ ಬರುತ್ತದೆ. ಅಷ್ಟರೊಳಗೆ ಯಾರಾದರೂ ಒಂದು ಪದ ಕೊಟ್ಟರೆ ಅವರಿಗೆ ಫೋನ್ ಮಾಡಿ ಹೇಳುತ್ತೇನೆ.