ಚೆಸ್‌ನ ‘ಓಪನಿಂಗ್ ಬುಕ್’: ಪೀಠಿಕೆ ಅನ್ನಬಹುದೇ?

ಎಲ್ಲರಿಗೂ ನಮಸ್ಕಾರ.

ಉಡುಪಿಯಲ್ಲಿ ಭಾನುವಾರ ಮಕ್ಕಳಿಗೆ ಚೆಸ್ ಹೇಳಿಕೊಡುತ್ತೇನೆ. ಅವರಿಗೋಸ್ಕರ ಒಂದು ಸಣ್ಣ ಚೆಸ್ ಪ್ರೋಗ್ರಾಂ ಬರೆಯುತ್ತಿದ್ದೇನೆ. ಪರದೆಯ ಮೇಲಿನ ಮಾತೆಲ್ಲ ಕನ್ನಡದಲ್ಲೇ ಇರಬೇಕು ಅಂತ ಆಸೆ. ಆನೆ, ಕುದುರೆ, ಕಾಲಾಳು, ನಡೆ ಎಲ್ಲ ಸಲೀಸಾಗಿ ಕೂತವು. ‘ಓಪನಿಂಗ್ ಬುಕ್’ ಮಾತ್ರ ಕೂರುತ್ತಿಲ್ಲ.

ಆಟದ ಮೊದಲ ಕೆಲವು ನಡೆಗಳನ್ನು ಪ್ರೋಗ್ರಾಂ ಲೆಕ್ಕ ಹಾಕಿ ಆಡುವುದಿಲ್ಲ. ಮೊದಲೇ ಕೂಡಿಸಿಟ್ಟದ್ದನ್ನು ನೋಡಿ ಆಡುತ್ತದೆ. ಆ ಸಂಗ್ರಹಕ್ಕೆ ಈ ಹೆಸರು. ‘ಆರಂಭ ಪುಸ್ತಕ’ ಅಂದರೆ ಒಂದನೇ ಕ್ಲಾಸಿನ ಪಠ್ಯದ ಹಾಗೆ ಕೇಳುತ್ತದೆ. ‘ಮುನ್ನಡೆ’ ಚೆನ್ನಾಗಿತ್ತು, ಆದರೆ ಆ ಪದ ಸ್ಕೋರ್‌ನಲ್ಲಿ ಮುಂದಿರುವುದಕ್ಕೆ ಆಗಲೇ ಹೋಗಿಬಿಟ್ಟಿದೆ.

ಅಸಲಿಗೆ ಅದು ಪುಸ್ತಕವೇ ಅಲ್ಲ. ನಾನು ಬಳಸುವುದು ಪಾಲಿಗ್ಲಾಟ್ ಅನ್ನುವ ಚೆಸ್ ತಂತ್ರಾಂಶದ ಮಾದರಿಯ ಫೈಲ್. ಅದರಲ್ಲಿ ಒಂದೊಂದು ದಾಖಲೆಗೆ 16 ಬೈಟ್. ಮಣೆಯ ಮೇಲೆ ಕಾಯಿಗಳು ಹೇಗಿವೆ ಅನ್ನುವುದಕ್ಕೆ 8, ಆಡಬೇಕಾದ ನಡೆಗೆ 2, ಆ ನಡೆಯ ತೂಕಕ್ಕೆ (ಉಳಿದವುಗಳಿಗಿಂತ ಅದನ್ನು ಎಷ್ಟು ಹೆಚ್ಚು ಆರಿಸಬೇಕು ಅನ್ನುವುದಕ್ಕೆ) 2, ಉಳಿದ 4 ಕಲಿಕೆಗೆ. ಯಾವ ನಡೆಯ ನಂತರ ಯಾವುದು ಬಂತು ಅನ್ನುವ ಸಾಲು ಅಲ್ಲಿಲ್ಲ. ಮಣಿಪಾಲಕ್ಕೆ ಇಂದ್ರಾಳಿ ಮೇಲೆ ಹೋದರೂ ಒಂದೇ, ಪೆರಂಪಳ್ಳಿ ಮೇಲೆ ಹೋದರೂ ಒಂದೇ, ಅಲ್ವಾ? ಹಾಗೆ ನಡೆಗಳ ಕ್ರಮ ಬೇರೆಯಾದರೂ ಕಾಯಿಗಳು ಅದೇ ಜಾಗಕ್ಕೆ ಬಂದರೆ ಅದೇ ದಾಖಲೆ ಸಿಗುತ್ತದೆ.

ಹಾಗಾಗಿ ನನಗೆ ಹೊಳೆದ ಪದ ಪೀಠಿಕೆ. ತಾಳಮದ್ದಳೆಯಲ್ಲಿ, ಅಂದರೆ ವೇಷ, ಕುಣಿತ ಇಲ್ಲದೆ ಕೂತು ಹಾಡು, ಮಾತಿನಲ್ಲೇ ನಡೆಸುವ ಯಕ್ಷಗಾನದಲ್ಲಿ, ಅರ್ಥಧಾರಿ (ಪಾತ್ರದ ಮಾತು ಆಡುವವರು) ಮೊದಲು ಪೀಠಿಕೆ ಹೇಳುತ್ತಾರಲ್ಲ, ಅದೇ. ಅದನ್ನು ಮನೆಯಲ್ಲೇ ಸಿದ್ಧ ಮಾಡಿಕೊಂಡು ಬರಬಹುದು. ಆಮೇಲೆ ಎದುರಿನವರು ನೆನೆಸದ ಪ್ರಶ್ನೆ ಎಸೆದರೆ ಅಲ್ಲೇ ಯೋಚಿಸಿ ಉತ್ತರ ಕೊಡಬೇಕು. ಚೆಸ್ ಪ್ರೋಗ್ರಾಂ ಮಾಡುವುದೂ ಇದನ್ನೇ. ಒಳ್ಳೆಯ ಪೀಠಿಕೆ ಎಷ್ಟು ದೂರ ಕರೆದುಕೊಂಡು ಹೋಗುತ್ತದೆ ಅನ್ನುವುದಕ್ಕೆ 1997ರಲ್ಲಿ ವಿಶ್ವ ಚಾಂಪಿಯನ್ ಕಾಸ್ಪರೋವ್ ಮತ್ತು ಐಬಿಎಂನ ಚೆಸ್ ಕಂಪ್ಯೂಟರ್ ಡೀಪ್ ಬ್ಲೂ ನಡುವೆ ನಡೆದ ಪಂದ್ಯದ ಆರನೇ ಆಟ ನೋಡಿ. ಎಂಟನೇ ನಡೆಗೇ ಡೀಪ್ ಬ್ಲೂ ಕುದುರೆಯನ್ನು ಬಲಿ ಕೊಟ್ಟಿತು. ಅದು ಅದರ ಓಪನಿಂಗ್ ಬುಕ್‌ನಲ್ಲಿ ಇದ್ದ ನಡೆ. 19 ನಡೆಗೆ ಕಾಸ್ಪರೋವ್ ಸೋಲೊಪ್ಪಿದರು.

ಇನ್ನು, ಈ ಸಂಗ್ರಹವನ್ನು ಸರಿಮಾಡುವ ಕೆಲಸಕ್ಕೆ ‘ಉತ್ತಮಪಡಿಸುವುದು’ ಅನ್ನಲು ನನಗೆ ಮನಸ್ಸಿಲ್ಲ. ಪೀಠಿಕೆ ತಿದ್ದುವುದು ಅಂದರೆ ಸಾಕು ಅನ್ನಿಸುತ್ತದೆ. ಮಾಡುವ ಕೆಲಸವೂ ತಿದ್ದುವುದೇ. ಪಾಲಿಗ್ಲಾಟ್ ಗೆಲುವಿಗೆ 2, ಡ್ರಾಗೆ 1 ಅಂತ ಕೂಡಿಸಿ ನಡೆಯ ತೂಕ ಕಟ್ಟುತ್ತದೆ. ನಾನು ಮಕ್ಕಳ ಆಟಗಳನ್ನೇ ಅದಕ್ಕೆ ಉಣಿಸಿದ್ದೆ. ರಾಣಿಯನ್ನು ಬೇಗ ಹೊರತಂದು ನಾಲ್ಕೇ ನಡೆಗೆ ಚೆಕ್‌ಮೇಟ್ ಮಾಡುವ ದಾರಿಗೆ ಎಲ್ಲಕ್ಕಿಂತ ಜಾಸ್ತಿ ತೂಕ ಬಂತು. ಎದುರಿನ ಮಕ್ಕಳು ಹೊಸಬರು, ಸುಲಭವಾಗಿ ಬಿದ್ದಿದ್ದರು. ಸ್ವಲ್ಪ ಆಡಲು ಬಲ್ಲವರ ಮುಂದೆ ಅದೇ ನಡೆ ಆಡಿ ಪ್ರೋಗ್ರಾಂ ಸೋಲುತ್ತಾ ಹೋಯಿತು. ಈಗ ಗಟ್ಟಿ ಆಟಗಾರರ ಆಟಗಳನ್ನು ಮಾತ್ರ ತೆಗೆದುಕೊಂಡು, ಒಂದೊಂದು ನಡೆಯನ್ನೂ ಚೆಸ್ ಎಂಜಿನ್ನಿಂದ (ನಡೆಗಳನ್ನು ಲೆಕ್ಕ ಹಾಕುವ ಪ್ರೋಗ್ರಾಂನಿಂದ) ಪರೀಕ್ಷಿಸಿ, ದುರ್ಬಲವಾದವುಗಳ ತೂಕ ಇಳಿಸುತ್ತಿದ್ದೇನೆ. ‘ತೂಕ’ ಅನ್ನುವ ಪದ ಮಕ್ಕಳಿಗೆ ಕೂಡಲೇ ತಿಳಿಯಿತು. ಅದರ ಬಗ್ಗೆ ಚಿಂತೆ ಇಲ್ಲ.

ಅನುಮಾನ ಇರುವುದು ಪೀಠಿಕೆಯ ಮೇಲೆ. ‘ಪೀಠಿಕೆ ಸಾಕು, ವಿಷಯಕ್ಕೆ ಬನ್ನಿ’ ಅನ್ನುವಾಗ ಅದಕ್ಕೆ ಸುಮ್ನೆ ಎಳೆಯುವ ಮಾತು ಅನ್ನುವ ಅರ್ಥವಿದೆ. ತಾಳಮದ್ದಳೆ ಕೇಳದ ಮೈಸೂರು, ಧಾರವಾಡದ ಕಡೆಯವರಿಗೆ ಪುಸ್ತಕದ ಮುನ್ನುಡಿ ಮಾತ್ರ ನೆನಪಾದೀತು. ನನ್ನ ಕ್ಲಾಸಿನ ಒಬ್ಬ ಹುಡುಗಿ ‘ಸರ್, ಅದು ಕಂಪ್ಯೂಟರಿನ ಬಾಯಿಪಾಠ’ ಅಂದಳು. ಅದೂ ನನಗೆ ತುಂಬಾ ಹಿಡಿಸಿತು. ಆದರೆ ‘ಬಾಯಿಪಾಠ ತಿದ್ದು’ ಅನ್ನುವಾಗ ನಾಲಿಗೆ ಯಾಕೋ ತಡೆಯುತ್ತದೆ.

ನಿಮ್ಮ ಕಡೆ ಚೆಸ್ ಆಡುವವರು ಇದಕ್ಕೆ ಏನಾದರೂ ಹೇಳುತ್ತಾರಾ? ಸಂಗ್ರಹದಲ್ಲಿ ನಡೆ ಸಿಗದೆ ಪ್ರೋಗ್ರಾಂ ಸ್ವಂತ ಲೆಕ್ಕ ಶುರುಮಾಡುವಾಗ ಪರದೆಯ ಮೇಲೆ ಒಂದು ಸಾಲು ಬರಬೇಕು. ಸದ್ಯಕ್ಕೆ ‘ಪೀಠಿಕೆ ಮುಗಿಯಿತು, ಯೋಚಿಸುತ್ತಿದ್ದೇನೆ’ ಅಂತ ಹಾಕಿದ್ದೇನೆ. ನೀವು ಮೊದಲ ಸಲ ಓದಿದಾಗ ಏನು ಅರ್ಥವಾಯಿತು, ತಿಳಿಸಿ.