ಪದಚರ್ಚೆ: ಸಾಫ್ಟ್ ಬ್ಲಾಕ್, ಹಾರ್ಡ್ ಬ್ಲಾಕ್‌ಗೆ ಕನ್ನಡ? ನಾಳೆ ಸಂಜೆ ಫ್ಲೆಕ್ಸ್‌ಗೆ ಹೋಗಬೇಕು

ಕೊಪ್ಪಳದಿಂದ

ಎಲ್ಲರಿಗೂ ನಮಸ್ಕಾರ. ನಮ್ಮ ಕಾಲೇಜಿನ ಲ್ಯಾಬಿನಲ್ಲಿ ಲಿನಕ್ಸ್ ಹಾಕಿದ ಲ್ಯಾಪ್‌ಟಾಪ್‌ಗಳಿವೆ. ವೈಫೈ ಬಾರದಿದ್ದರೆ ಏನು ನೋಡಬೇಕು ಎಂದು ತಿಳಿಸುವ ದೊಡ್ಡ ಹಾಳೆಯೊಂದನ್ನು ಗೋಡೆಗೆ ಹಾಕಬೇಕಾಗಿದೆ. ಓದುವವರೆಲ್ಲ ಕನ್ನಡ ಮಾಧ್ಯಮದಿಂದ ಬಂದ ಹುಡುಗ ಹುಡುಗಿಯರು. ನಾಳೆ ಸಂಜೆ ಐದಕ್ಕೆ ಫ್ಲೆಕ್ಸ್ ಅಂಗಡಿಗೆ ಕೊಡಬೇಕು.

ಟರ್ಮಿನಲ್‌ನಲ್ಲಿ ಆರ್‌ಎಫ್‌ಕಿಲ್ ಲಿಸ್ಟ್ (ರೇಡಿಯೊಗಳಿಗೆ ತಡೆ ಇದೆಯೇ ಎಂದು ತೋರಿಸುವ ಆಜ್ಞೆ) ಎಂದು ಕೊಟ್ಟರೆ ವೈಫೈಗೊಂದು, ಬ್ಲೂಟೂತ್‌ಗೊಂದು ತುಣುಕು ಬರುತ್ತದೆ. ಪ್ರತಿಯೊಂದರಲ್ಲೂ ಎರಡು ಸಾಲು: ಸಾಫ್ಟ್ ಬ್ಲಾಕ್ಡ್, ಹಾರ್ಡ್ ಬ್ಲಾಕ್ಡ್. ಎದುರಿಗೆ ಯೆಸ್ ಅಥವಾ ನೋ. ಇವೆರಡಕ್ಕೂ ಕನ್ನಡ ಬೇಕು. ಕರಡಿನಲ್ಲಿ "ಮೃದು ತಡೆ, ಕಠಿಣ ತಡೆ" ಎಂದಿದೆ, ನನಗೆ ಸಮಾಧಾನವಿಲ್ಲ. ಜೊತೆಗೆ ಫರ್ಮ್‌ವೇರ್ (ಕಾರ್ಡಿನ ಸ್ವಂತ ಚಿಪ್ಪಿನಲ್ಲಿ ಓಡುವ ಪ್ರೋಗ್ರಾಂ), ಸಸ್ಪೆಂಡ್, ಹೈಬರ್ನೇಟ್‌ಗೂ ಪದ ಬೇಕು. ಡ್ರೈವರ್‌ಗೆ (ಯಂತ್ರದ ಭಾಗವನ್ನು ನಡೆಸುವ ಪ್ರೋಗ್ರಾಂ) "ಚಾಲಕ" ಎಂದು ಹಾಕಿದ್ದೇನೆ. ಸರಿಯೇ?

ಹಾಳೆಯಲ್ಲಿ ಆಜ್ಞೆಗಳು ಇಂಗ್ಲಿಷ್ ಅಕ್ಷರದಲ್ಲೇ ಇರುತ್ತವೆ. ಇಲ್ಲಿ ಚರ್ಚೆಗೆ ಮಾತ್ರ ಕನ್ನಡದಲ್ಲಿ ಬರೆದಿದ್ದೇನೆ.

ರಾಯಚೂರಿನಿಂದ

ಮೃದುವೂ ಸಂಸ್ಕೃತ, ಕಠಿಣವೂ ಸಂಸ್ಕೃತ. ಉಳಿದಿದ್ದು ತಡೆ ಒಂದೇ. ಅದು ತಮಿಳಿನಲ್ಲಿ ತಡೈ, ತೆಲುಗಿನಲ್ಲಿ ತಡ, ಅಪ್ಪಟ ದ್ರಾವಿಡ ಬೇರು. ತಡೆಗೋಡೆ, ತಡೆಹಿಡಿ, ತಡೆಯಾಜ್ಞೆ ಎಲ್ಲ ಅದರಿಂದಲೇ ಚಿಗುರಿದವು. ಮೆದುತಡೆ, ಗಟ್ಟಿತಡೆ ಎಂದು ಬರೆಯಿರಿ. ಫರ್ಮ್‌ವೇರ್‌ಗೆ ಗಟ್ಟಿಬರಹ, ಸಸ್ಪೆಂಡ್‌ಗೆ ತೂಕಡಿಕೆ, ಹೈಬರ್ನೇಟ್‌ಗೆ ಚಳಿನಿದ್ದೆ. ನಮ್ಮಲ್ಲೇ ಬೇರು ಇರುವಾಗ ಕಂಡವರ ಮನೆಯ ಪದ ತರಬಾರದು.

ಬಳ್ಳಾರಿಯಿಂದ

> ಮೆದುತಡೆ, ಗಟ್ಟಿತಡೆ ಎಂದು ಬರೆಯಿರಿ.

ಬರೆಯಬೇಡಿ. ಎರಡು ತಡೆಗಳೂ ರೇಡಿಯೊವನ್ನು ಪೂರ್ತಿ ನಿಲ್ಲಿಸುತ್ತವೆ, ಒಂದು ಮೆತ್ತಗೆ ಇನ್ನೊಂದು ಜೋರಾಗಿ ಅಂತೇನಿಲ್ಲ. ಮೆದುತಡೆ ಎಂದು ಓದಿದ ಹುಡುಗ ಸಿಗ್ನಲ್ ಕಡಿಮೆ ಇದೆ ಅಂದುಕೊಂಡು ರೂಟರ್ ಹತ್ತಿರ ಹೋಗಿ ಕೂರುತ್ತಾನೆ.

ಸಾಫ್ಟ್ ಎಂದರೆ ಯಾವುದೋ ಪ್ರೋಗ್ರಾಂ ಲಿನಕ್ಸಿನ ತಿರುಳಾದ ಕರ್ನಲ್‌ಗೆ ಹೇಳಿ ರೇಡಿಯೊ ನಿಲ್ಲಿಸಿದೆ. ಆರ್‌ಎಫ್‌ಕಿಲ್ ಅನ್‌ಬ್ಲಾಕ್ ವೈಫೈ ಎಂದು ಕೊಟ್ಟರೆ ತೆರವಾಗುತ್ತದೆ. ನೆಟ್‌ವರ್ಕ್ ಮ್ಯಾನೇಜರ್ (ಜಾಲಗಳನ್ನು ನೋಡಿಕೊಳ್ಳುವ ಪ್ರೋಗ್ರಾಂ) ಇದ್ದಲ್ಲಿ ಎನ್‌ಎಂಸಿಎಲ್‌ಐ ರೇಡಿಯೊ ವೈಫೈ ಆನ್ ಎಂದರೂ ನಡೆಯುತ್ತದೆ. ಹಾರ್ಡ್ ಎಂದರೆ ಲ್ಯಾಪ್‌ಟಾಪಿನ ಬದಿಯ ಸ್ವಿಚ್ಚೋ ಬಯಾಸೋ (ಯಂತ್ರ ಶುರುವಾಗುವಾಗ ಮೊದಲು ಓಡುವ ಪ್ರೋಗ್ರಾಂ) ತಡೆದಿದೆ. ಕರ್ನಲ್ ಅದನ್ನು ಓದಬಲ್ಲದು, ಬದಲಿಸಲಾರದು. ಅನ್‌ಬ್ಲಾಕ್ ಎಂದು ಎಷ್ಟು ಸಲ ಕೊಟ್ಟರೂ ಆ ಸಾಲು ಯೆಸ್ ಆಗಿಯೇ ಇರುತ್ತದೆ. ಆಜ್ಞೆ ತಪ್ಪೆಂದು ಯಾವ ಸಂದೇಶವೂ ಬರುವುದಿಲ್ಲ, ಹುಡುಗರು ಗೊಂದಲಕ್ಕೆ ಬೀಳುವುದೇ ಅಲ್ಲಿ. ಎರಡೂ ಸಾಲು ಒಟ್ಟಿಗೆ ಯೆಸ್ ಇರುವುದೂ ಉಂಟು. ಆಗ ಎರಡನ್ನೂ ಬೇರೆಬೇರೆಯಾಗಿಯೇ ಬಿಡಿಸಬೇಕು.

ಪದ ನೋಡಿದ ಕೂಡಲೇ ಕೈ ಕೀಬೋರ್ಡ್‌ಗೆ ಹೋಗಬೇಕೋ ಸ್ವಿಚ್ಚಿಗೆ ಹೋಗಬೇಕೋ ತಿಳಿಯಬೇಕು. ಆಜ್ಞೆಯ ತಡೆ, ಯಂತ್ರದ ತಡೆ ಎನ್ನಿ. ತಂತ್ರಾಂಶದ ತಡೆ, ಯಂತ್ರಾಂಶದ ತಡೆ ಎನ್ನುವ ಆಸೆ ಬರುತ್ತದೆ. ಆದರೆ ಒಂದೇ ಅಕ್ಷರದ ವ್ಯತ್ಯಾಸ ಗೋಡೆಯ ಮೇಲೆ ದೂರದಿಂದ ಕಾಣುವುದಿಲ್ಲ.

ಸಿಂಧನೂರಿನಿಂದ

ತಾತ್ಕಾಲಿಕ ತಡೆ, ಶಾಶ್ವತ ತಡೆ ಎಂದರೆ ಎಲ್ಲರಿಗೂ ತಿಳಿಯುತ್ತದಲ್ಲವೇ?

ಬಳ್ಳಾರಿಯಿಂದ

ಅದು ಪೂರ್ತಿ ತಲೆಕೆಳಗು. ಸಾಫ್ಟ್ ತಡೆ ಯಂತ್ರ ಆಫ್ ಮಾಡಿದರೂ ಹೋಗುವುದಿಲ್ಲ. ಸಿಸ್ಟಂಡಿ (ಬೂಟ್ ಆಗುವಾಗ ಸೇವೆಗಳನ್ನು ಶುರು ಮಾಡುವ ಪ್ರೋಗ್ರಾಂ) ಇರುವ ಲಿನಕ್ಸ್ ವಿತರಣೆಗಳಲ್ಲಿ ಸಿಸ್ಟಂಡಿ-ಆರ್‌ಎಫ್‌ಕಿಲ್ ಎಂಬ ಸೇವೆ ಆ ಸ್ಥಿತಿಯನ್ನು ವಾರ್, ಲಿಬ್, ಸಿಸ್ಟಂಡಿ, ಆರ್‌ಎಫ್‌ಕಿಲ್ ಫೋಲ್ಡರಿನಲ್ಲಿ ಬರೆದಿಟ್ಟು, ಮರುದಿನ ಬೂಟ್ ಆಗುವಾಗ ಹಾಗೆಯೇ ತಂದು ಕೂರಿಸುತ್ತದೆ. ಹಾರ್ಡ್ ತಡೆಯಾದರೋ ಬೆರಳಲ್ಲಿ ಸ್ವಿಚ್ ಸರಿಸಿದರೆ ಮುಗಿಯಿತು. ತಾತ್ಕಾಲಿಕ ಎಂದು ಓದಿದವರು ರೀಸ್ಟಾರ್ಟ್ ಮಾಡಿ ಮಾಡಿ ಸಾಕಾಗುತ್ತಾರೆ. ಶಾಶ್ವತ ಎಂದು ಓದಿದವರು ರಿಪೇರಿಗೆ ಒಯ್ಯುತ್ತಾರೆ.

ಗಂಗಾವತಿಯಿಂದ

ಯಾಕ್ರೀ ಇಷ್ಟು ದೂರ ಹೋಗ್ತೀರಿ? ನಮ್ಮ ಕಡೆ ಮನೆಗೆ ಹಾಕೋದು ಕೀಲಿ, ತೆಗೆಯೋದು ಕೀಲಿಕೈ. "ವೈಫೈಗೆ ಕೀಲಿ ಬಿದ್ದೈತಿ" ಅಂದ್ರ ಹಳ್ಳಿ ಹುಡುಗರಿಗೂ ಗೊತ್ತಾಗತೈತಿ. ಒಳಕೀಲಿ, ಹೊರಕೀಲಿ ಅನ್ನಿ. ಇಲ್ಲಂದ್ರ ಗುಂಡಿ ತಡೆ ಅನ್ನಿ, ಕೀಬೋರ್ಡಿನ ವಿಮಾನದ ಗುಂಡಿ ಒತ್ತಿದಾಗಲೇ ಅಲ್ಲವೇ ಇದು ಆಗೋದು?

ರಾಯಚೂರಿನಿಂದ

ಕೀಲಿ ಬಂದದ್ದು ಸಂಸ್ಕೃತದ ಕೀಲದಿಂದ, ಅಂದರೆ ಗೂಟ. ಬೀಗ ಎನ್ನಿ, ತೆಲುಗಿನಲ್ಲೂ ಬೀಗಮು.

ಬಳ್ಳಾರಿಯಿಂದ

ಬೇರು ಎಲ್ಲಿಯದಾದರೂ ಇರಲಿ, ಕೀಲಿಯೂ ಬೇಡ, ಬೀಗವೂ ಬೇಡ. ವೈಫೈ ಪಟ್ಟಿಯಲ್ಲಿ ಪಾಸ್‌ವರ್ಡ್ ಇರುವ ಜಾಲಗಳ ಪಕ್ಕದಲ್ಲಿ ಬೀಗದ ಚಿತ್ರ ಇರುತ್ತದೆ. "ಕೀಲಿ ಬಿದ್ದಿದೆ" ಎಂದು ಗೋಡೆಯಲ್ಲಿ ಓದಿದರೆ ಎಲ್ಲರೂ ಪಾಸ್‌ವರ್ಡ್ ಕೇಳಲು ಬರುತ್ತಾರೆ. ಸಾಲದ್ದಕ್ಕೆ ಪಠ್ಯಪುಸ್ತಕದ ಕನ್ನಡದಲ್ಲಿ ಕೀಬೋರ್ಡ್ ಕೀಲಿಮಣೆ. ಅಲ್ಲಿ ಕೀಲಿ ಎಂದರೆ ಒತ್ತುವ ಕೀ, ನಿಮ್ಮಲ್ಲಿ ಬೀಗ.

ಗುಂಡಿ ತಡೆಯೂ ಆಗದು, ಅದಕ್ಕೆ ಕಾರಣ ಬೇರೆ. ಹೊಸ ಲ್ಯಾಪ್‌ಟಾಪ್‌ಗಳಲ್ಲಿ ವಿಮಾನದ ಗುಂಡಿ ಬಹುಮಟ್ಟಿಗೆ ಬರಿಯ ಕೀ ಸಂಕೇತ ಕಳಿಸುತ್ತದೆ. ಡೆಸ್ಕ್‌ಟಾಪ್ ಅದನ್ನು ಕೇಳಿಸಿಕೊಂಡು ಸಾಫ್ಟ್ ತಡೆ ಹಾಕುತ್ತದೆ. ಗುಂಡಿ ಒತ್ತಿದ್ದರಿಂದ ಬಂದದ್ದೆಲ್ಲ ಹಾರ್ಡ್ ಅಲ್ಲ. ಬದಿಯಲ್ಲಿ ಸರಿಯುವ ಸ್ವಿಚ್ ಇದ್ದ ಹಳೆಯ ಮಾದರಿಗಳ ಮಾತು ಬೇರೆ.

ಸ್ವಿಚ್ಚೇ ಇಲ್ಲದ ಯಂತ್ರದಲ್ಲಿ ಹಾರ್ಡ್ ಯೆಸ್ ಎಂದು ತೋರಿಸುವ ಪ್ರಸಂಗವೂ ಇದೆ. ಕಂಪನಿಗೆ ತಕ್ಕ ಪ್ಲಾಟ್‌ಫಾರ್ಮ್ ಮಾಡ್ಯೂಲ್ (ಕರ್ನಲ್ಲಿಗೆ ಸೇರಿಸುವ ತುಂಡು), ಇಲ್ಲದ ಸ್ವಿಚ್ಚನ್ನು ಇದೆ ಎಂದು ಓದಿಬಿಟ್ಟಿರುತ್ತದೆ. ಎಲ್‌ಎಸ್‌ಮಾಡ್ ಕೊಟ್ಟು ಹೆಸರಿನ ಕೊನೆಗೆ ಡಬ್ಲ್ಯೂಎಂಐ ಅಥವಾ ಲ್ಯಾಪ್‌ಟಾಪ್ ಎಂದಿರುವ ಮಾಡ್ಯೂಲ್ ಹುಡುಕಿ, ಮಾಡ್‌ಪ್ರೋಬ್ ಡ್ಯಾಶ್ ಆರ್‌ನಿಂದ ತೆಗೆದು, ಮತ್ತೆ ಆರ್‌ಎಫ್‌ಕಿಲ್ ಲಿಸ್ಟ್ ನೋಡಿ. ಆ ತಡೆ ಮಾಯವಾಗಿ ವೈಫೈ ಬಂದರೆ ಇಟಿಸಿಯ ಮಾಡ್‌ಪ್ರೋಬ್ ಡಾಟ್ ಡಿ ಫೋಲ್ಡರಿನಲ್ಲಿ ಒಂದು ಕಾನ್ಫ್ ಫೈಲ್ ಮಾಡಿ ಬ್ಲ್ಯಾಕ್‌ಲಿಸ್ಟ್ ಸಾಲು ಬರೆಯಿರಿ. ಅದೇ ಮಾಡ್ಯೂಲ್ ವಿಶೇಷ ಗುಂಡಿಗಳನ್ನೂ ನೋಡಿಕೊಳ್ಳುತ್ತಿರಬಹುದು, ತೆಗೆದಾಗ ಅವು ನಿಂತರೆ ಗಾಬರಿ ಬೇಡ. ಇದನ್ನು ವಿದ್ಯಾರ್ಥಿಗಳ ಹಾಳೆಗೆ ಹಾಕಬೇಡಿ, ಲ್ಯಾಬ್ ನೋಡಿಕೊಳ್ಳುವವರಿಗೆ ಮಾತ್ರ.

ಕೊಪ್ಪಳದಿಂದ

ಆಜ್ಞೆಯ ತಡೆ, ಯಂತ್ರದ ತಡೆ ನನಗೆ ಒಪ್ಪಿಗೆ. ಕೋಷ್ಟಕದ ಅಂಕಣ ಕಿರಿದು. ಆಜ್ಞಾತಡೆ, ಯಂತ್ರತಡೆ ಎಂದು ಕೂಡಿಸಬಹುದೇ?

ರಾಯಚೂರಿನಿಂದ

ಕೂಡದು. ಸಂಸ್ಕೃತ ಪದಕ್ಕೆ ಕನ್ನಡ ಪದ ಜೋಡಿಸಿದ ಅರಿಸಮಾಸ.

ಬಳ್ಳಾರಿಯಿಂದ

ಸರ್, ನಿಮ್ಮ ಮೊದಲ ಪತ್ರದ ತಡೆಯಾಜ್ಞೆಯೂ ಅರಿಸಮಾಸವೇ. ದಿನಪತ್ರಿಕೆಯಲ್ಲಿ ದಿನಾ ಓದುತ್ತೇವೆ, ಯಾರೂ ಎಡವಿಲ್ಲ. ಆದರೂ ಇಲ್ಲಿ ಕೂಡಿಸಬೇಡಿ ಎಂದೇ ನನ್ನ ಮಾತು. "ಯಂತ್ರದ" ಎಂದಾಗ ಷಷ್ಠಿ ವಿಭಕ್ತಿ ಕೆಲಸ ಮಾಡುತ್ತದೆ, ತಡೆ ಯಾರದು ಎಂದು ಕಣ್ಣಿಗೆ ಬೀಳುತ್ತದೆ. ಅಂಕಣ ಅಗಲ ಮಾಡಿ.

ಸಿಂಧನೂರಿನಿಂದ

ಎಲ್ಲ ಬಿಟ್ಟು "ವೈಫೈ ಬಂದ್" ಎಂದರೆ ಸಾಲದೇ? ಚಾಲೂ, ಬಂದ್ ನಮ್ಮ ಜಿಲ್ಲೆಯಲ್ಲಿ ಗೊತ್ತಿಲ್ಲದವರಿಲ್ಲ.

ರಾಯಚೂರಿನಿಂದ

ಬಂದ್ ಪಾರಸಿ. ಕಾಲೇಜಿನ ಗೋಡೆಯ ಮೇಲೆ ಪಾರಸಿ ಬೇಡ. ಅಷ್ಟು ಬೇಕೆಂದಿದ್ದರೆ ನಿರ್ಬಂಧ ಎಂದಾದರೂ ಬರೆಯಿರಿ.

ಗಂಗಾವತಿಯಿಂದ

ಪಾರಸಿಯ ಬಂದ್, ಸಂಸ್ಕೃತದ ಬಂಧ ಒಂದೇ ಬೇರಿನವು ಸರ್. ಒಂದು ಇರಾನಿನ ದಾರಿಯಿಂದ ಬಂತು, ಇನ್ನೊಂದು ಇಲ್ಲೇ ಇತ್ತು. ಬೆಳಿಗ್ಗೆ ಮೃದು ಸಂಸ್ಕೃತ ಅಂತ ಬೇಡ ಅಂದವರು ಈಗ ನಿರ್ಬಂಧ ಬೇಕು ಅಂತೀರಿ. ಚಳಿನಿದ್ದೆಯ ನಿದ್ದೆಯೂ ನಿದ್ರೆಯ ತದ್ಭವ. ರಾಯಚೂರು, ಕೊಪ್ಪಳ 1956ರ ತನಕ ಹೈದರಾಬಾದ್ ರಾಜ್ಯದಲ್ಲಿದ್ದ ನೆಲ. ಅರ್ಜಿ, ರಸೀದಿ, ಜಮೀನು ಇಲ್ಲದೆ ಇಲ್ಲಿಯ ರೈತ ತಾಲೂಕು ಕಚೇರಿಯಲ್ಲಿ ಬಾಯಿ ತೆರೆಯಲಾರ. ಆ ಮಾತುಗಳಿಗೂ ಇಲ್ಲಿ ಮನೆ ಐತಿ.

ರಾಯಚೂರಿನಿಂದ

ಬಂದು ನೆಲೆಯಾದವನ್ನು ಓಡಿಸಿ ಎಂದು ನಾನು ಹೇಳಿಲ್ಲ. ಹೊಸದಾಗಿ ಪದ ಕಟ್ಟುವಾಗ ಮೊದಲು ಮನೆಯೊಳಗೆ ಹುಡುಕಬೇಕು. ಇಂದು ಫರ್ಮ್‌ವೇರ್ ಹಾಗೇ ಇರಲಿ ಎಂದು ಬಿಟ್ಟರೆ, ನಾಳೆ ಹತ್ತು ವರ್ಷಕ್ಕೆ ಕಂಪ್ಯೂಟರಿನ ಬಗ್ಗೆ ಕನ್ನಡದಲ್ಲಿ ಮಾತಾಡುವವರ ವಾಕ್ಯದಲ್ಲಿ ಕನ್ನಡದ್ದೆಂದು ಉಳಿಯುವುದು "ಇದೆ", "ಇಲ್ಲ", "ಮಾಡಿ" ಮಾತ್ರ. ನನ್ನ ಆತಂಕ ಅದು.

ಲಿಂಗಸುಗೂರಿನಿಂದ

ಜಗಳದ ನಡುವೆ ಉಳಿದ ಪದಗಳು ಹಾಗೇ ಬಿದ್ದಿವೆ. ಕೊಪ್ಪಳದ ಮೇಡಂಗೆ ನಾಳೆ ಐದು ಗಂಟೆಗೆ ಬೇಕು.

ಚಾಲಕ ಬೇಡ. ಚಾಲಕ ಎಂದರೆ ನಮ್ಮಲ್ಲಿ ಬಸ್ಸಿನವನು. ಡ್ರೈವರ್ ಎಂದರೂ ಅವನೇ, ಆದರೆ ಕಂಪ್ಯೂಟರ್ ಡ್ರೈವರ್ ಎಂಬ ಬಳಕೆ ಹುಡುಗರಿಗೆ ಆಗಲೇ ಕಿವಿಗೆ ಬಿದ್ದಿದೆ. ಅದನ್ನೇ ಇಡಿ.

ಗಟ್ಟಿಬರಹ ದಾರಿ ತಪ್ಪಿಸುತ್ತದೆ. ಫರ್ಮ್‌ವೇರ್ ಚಿಪ್ಪಿನಲ್ಲಿ ಗಟ್ಟಿಯಾಗಿ ಕೂತಿರುತ್ತದೆ ಎಂಬುದು ಹಳೆಯ ಕಲ್ಪನೆ. ಇವತ್ತಿನ ವೈಫೈ ಕಾರ್ಡುಗಳಲ್ಲಿ ಹೆಚ್ಚಿನವಕ್ಕೆ ಅದು ಡಿಸ್ಕಿನ ಲಿಬ್ ಫರ್ಮ್‌ವೇರ್ ಫೋಲ್ಡರಿನಲ್ಲಿರುವ ಫೈಲ್. ಪ್ರತಿ ಸಲ ಕಾರ್ಡ್ ಎದ್ದಾಗ ಡ್ರೈವರ್ ಅದನ್ನು ಓದಿ ಕಾರ್ಡಿನೊಳಕ್ಕೆ ತುಂಬುತ್ತದೆ. ಡ್ರೈವರ್ ಓಡುವುದು ನಮ್ಮ ಪ್ರೊಸೆಸರಿನಲ್ಲಿ, ಫರ್ಮ್‌ವೇರ್ ಓಡುವುದು ಕಾರ್ಡಿನ ಸ್ವಂತ ಚಿಪ್ಪಿನಲ್ಲಿ. ಹಾಳೆಯಲ್ಲಿ ಇವೆರಡು ಬೇರೆಯಾಗಿ ಕಾಣಲೇಬೇಕು, ಏಕೆಂದರೆ ಪರೀಕ್ಷೆಯೂ ಬೇರೆ.

ಆರ್‌ಎಫ್‌ಕಿಲ್ ಲಿಸ್ಟ್‌ನಲ್ಲಿ ವೈಫೈ ತುಣುಕೇ ಇಲ್ಲದಿದ್ದರೆ ತಡೆಯ ಮಾತು ಬಿಡಿ. ಎಲ್‌ಎಸ್‌ಪಿಸಿಐ ಡ್ಯಾಶ್ ಎನ್‌ಎನ್‌ಕೆ ಕೊಡಿ. ನೆಟ್‌ವರ್ಕ್ ಕಂಟ್ರೋಲರ್ ಕೆಳಗೆ "ಕರ್ನಲ್ ಡ್ರೈವರ್ ಇನ್ ಯೂಸ್" ಸಾಲು ಇಲ್ಲವೆಂದರೆ ಡ್ರೈವರ್ ಅಂಟಿಲ್ಲ. ಚೌಕ ಆವರಣದಲ್ಲಿರುವ ನಾಲ್ಕು ನಾಲ್ಕು ಅಕ್ಷರದ ಸಂಖ್ಯೆ ಬರೆದುಕೊಂಡು ಅದರಿಂದಲೇ ಹುಡುಕಬೇಕು. ಲ್ಯಾಪ್‌ಟಾಪ್ ಮಾದರಿಯ ಹೆಸರಿನಿಂದ ಹುಡುಕಬಾರದು, ಒಂದೇ ಮಾದರಿಯಲ್ಲಿ ಬೇರೆಬೇರೆ ಕಾರ್ಡ್ ಹಾಕಿರುತ್ತಾರೆ. ಯುಎಸ್‌ಬಿ ಡಾಂಗಲ್ ಆದರೆ ಎಲ್‌ಎಸ್‌ಯುಎಸ್‌ಬಿ. ಸಾಲು ಇದ್ದೂ ವೈಫೈ ಇಲ್ಲವೆಂದರೆ ಸುಡೊ (ನಿರ್ವಾಹಕರ ಹಕ್ಕು) ಸೇರಿಸಿ ಡಿಮೆಸ್ಗ್ (ಕರ್ನಲ್ ಸಂದೇಶಗಳನ್ನು ತೋರಿಸುವ ಆಜ್ಞೆ) ಕೊಟ್ಟು ಫರ್ಮ್‌ವೇರ್ ಎಂಬ ಪದ ಹುಡುಕಿ. "ಫೇಲ್ಡ್ ವಿತ್ ಎರರ್ ಮೈನಸ್ 2" ಎಂದು ಬಂದರೆ ಆ 2ರ ಅರ್ಥ ಫೈಲ್ ಸಿಕ್ಕಿಲ್ಲ ಎಂದು, ಕಾರ್ಡ್ ಕೆಟ್ಟಿದೆ ಎಂದಲ್ಲ. ಒಂದೇ ಕಾರ್ಡಿಗೆ ಇಂಥ ಸಾಲು ಮೂರು ನಾಲ್ಕು ಬಂದು, ಕೊನೆಗೆ ಹಳೆಯ ಆವೃತ್ತಿಯ ಫೈಲ್ ಸಿಕ್ಕಿ ವೈಫೈ ನಡೆಯುವುದೂ ಇದೆ. ಕೊನೆಯ ಸಾಲಿನ ತನಕ ಓದಲು ಹೇಳಿ. ಡೆಬಿಯನ್ ವಿತರಣೆಯಲ್ಲಿ ಫೈಲ್ ಬರುವುದು ಫರ್ಮ್‌ವೇರ್-ಐಡಬ್ಲ್ಯೂಎಲ್‌ವೈಫೈ, ಫರ್ಮ್‌ವೇರ್-ರಿಯಲ್‌ಟೆಕ್‌ನಂಥ ಪ್ಯಾಕೇಜುಗಳಿಂದ. 2023ರ ಡೆಬಿಯನ್ 12ರಿಂದ ಅಧಿಕೃತ ಇನ್‌ಸ್ಟಾಲರಿನಲ್ಲೇ ಇವು ಸೇರಿವೆ. ಅದಕ್ಕಿಂತ ಹಿಂದಿನದಾದರೆ ನಾನ್-ಫ್ರೀ ವಿಭಾಗ ಸೇರಿಸಬೇಕು. ವೈಫೈ ಇಲ್ಲದೆ ಇಳಿಸಿಕೊಳ್ಳುವುದು ಹೇಗೆ ಎಂದು ಕೇಳುತ್ತಾರೆ. ಫೋನನ್ನು ಕೇಬಲ್‌ನಲ್ಲಿ ಜೋಡಿಸಿ ಯುಎಸ್‌ಬಿ ಟೆದರಿಂಗ್ ಹಾಕಿದರೆ ಸಾಕು.

ಫರ್ಮ್‌ವೇರ್ ಎಂದೇ ಬರೆದು, ಮೊದಲ ಸಲ ಬಂದಲ್ಲಿ "ಕಾರ್ಡಿನೊಳಗೆ ತುಂಬುವ ಫೈಲ್" ಎಂದು ಪಕ್ಕದಲ್ಲಿ ಕೊಡಿ. ಪರದೆಯ ಮೇಲಿನ ಪದವೂ ಅದೇ ಆದ್ದರಿಂದ ಹುಡುಕಿದರೆ ಸಿಗುತ್ತದೆ. ಗಟ್ಟಿಬರಹ ಎಂದು ಡಿಮೆಸ್ಗ್‌ನಲ್ಲಿ ಹುಡುಕಿದರೆ ಏನೂ ಸಿಗದು.

ಬಳ್ಳಾರಿಯಿಂದ

ಹೈಬರ್ನೇಟ್ ಬಗ್ಗೆ: ಚಳಿನಿದ್ದೆ, ಶಿಶಿರನಿದ್ರೆ ಯಾವುದೂ ಬೇಡ, ಅದು ನಿದ್ದೆಯೇ ಅಲ್ಲ. ಸಸ್ಪೆಂಡ್‌ನಲ್ಲಿ ರ‍್ಯಾಮ್‌ಗೆ ವಿದ್ಯುತ್ ಹರಿಯುತ್ತಲೇ ಇರುತ್ತದೆ, ಬ್ಯಾಟರಿ ಇಳಿಯುತ್ತದೆ, ಪೂರ್ತಿ ಖಾಲಿಯಾದರೆ ಉಳಿಸದ ಕೆಲಸ ಹೋಯಿತು. ಹೈಬರ್ನೇಟ್‌ನಲ್ಲಿ ರ‍್ಯಾಮ್‌ನಲ್ಲಿದ್ದದ್ದನ್ನು ಸ್ವಾಪ್‌ಗೆ (ಸಾಮಾನ್ಯವಾಗಿ ಡಿಸ್ಕಿನಲ್ಲಿ ಇದಕ್ಕೆಂದು ಇಟ್ಟ ಜಾಗ) ಬರೆದು ಯಂತ್ರ ಆಫ್ ಆಗುತ್ತದೆ. ಬೇಸಿಗೆಯಲ್ಲಿ ಕರೆಂಟ್ ಹೋಗುವ ಊರಿಗೆ ಈ ವ್ಯತ್ಯಾಸ ಮುಖ್ಯ. ಸಸ್ಪೆಂಡ್‌ಗೆ "ನಿದ್ದೆ", ಹೈಬರ್ನೇಟ್‌ಗೆ "ಡಿಸ್ಕಿಗೆ ಉಳಿಸಿ ಆಫ್". ಉದ್ದ ಎನ್ನುತ್ತಾರೆ, ಉದ್ದವೇ ಇರಲಿ.

ಡಿಸ್ಕಿನ ಮೇಲೆ ಸ್ವಾಪ್ ಇದೆಯೇ ಎಂದು ಸ್ವಾಪ್‌ಆನ್ ಡ್ಯಾಶ್ ಡ್ಯಾಶ್ ಶೋ ಕೊಟ್ಟು ನೋಡಿ. ಝಡ್‌ರ‍್ಯಾಮ್ ಒಂದೇ ಇದ್ದರೆ ಹೈಬರ್ನೇಟ್ ಆಗದು, ಆ ಸ್ವಾಪ್ ಇರುವುದೇ ರ‍್ಯಾಮ್‌ನಲ್ಲಿ. 2020ರ ಫೆಡೋರಾ ವಿತರಣೆಯ 33ನೇ ಆವೃತ್ತಿಯಿಂದ ಅದೇ ಪೂರ್ವನಿಗದಿ. ಸೆಕ್ಯೂರ್ ಬೂಟ್ ಎಂಬ ಭದ್ರತಾ ವ್ಯವಸ್ಥೆ ಆನ್ ಇದ್ದು ಕರ್ನಲ್ ಲಾಕ್‌ಡೌನ್‌ನಲ್ಲಿದ್ದರೂ ಆಗದು. ಲ್ಯಾಬಿನಲ್ಲಿ ಇದನ್ನು ಪರೀಕ್ಷಿಸದೆ ಹಾಳೆಗೆ ಹಾಕಬೇಡಿ.

ಕೊಪ್ಪಳದಿಂದ

ನಮ್ಮಲ್ಲಿ ಝಡ್‌ರ‍್ಯಾಮ್ ಮಾತ್ರ ಇದೆ. ಹೈಬರ್ನೇಟ್ ಸಾಲು ತೆಗೆದೆ. ಹಾಳೆಯ ಪಾಠ ಹೀಗೆ:

ಆಜ್ಞೆಯ ತಡೆ ಯೆಸ್ ಇದ್ದರೆ ಅನ್‌ಬ್ಲಾಕ್ ಆಜ್ಞೆ ಕೊಡಿ. ಯಂತ್ರದ ತಡೆ ಯೆಸ್ ಇದ್ದರೆ ಬದಿಯ ಸ್ವಿಚ್ ನೋಡಿ, ಇಲ್ಲದಿದ್ದರೆ ಲ್ಯಾಬ್ ಸಹಾಯಕರನ್ನು ಕೇಳಿ. ಎರಡೂ ನೋ ಇದ್ದರೆ ಪಾಸ್‌ವರ್ಡ್ ನೋಡಿ. ವೈಫೈ ಸಾಲೇ ಇಲ್ಲದಿದ್ದರೆ ಡ್ರೈವರ್, ಆಮೇಲೆ ಫರ್ಮ್‌ವೇರ್ (ಕಾರ್ಡಿನೊಳಗೆ ತುಂಬುವ ಫೈಲ್) ನೋಡಿ.

ಗಂಗಾವತಿಯಿಂದ

ಚಲೋ ಐತ್ರಿ ಮೇಡಂ. ಫ್ಲೆಕ್ಸ್ ಅಂಗಡಿಗೆ ಯೂನಿಕೋಡ್ ಪಠ್ಯ ಕಳಿಸಬೇಡಿ. ಹಳೆಯ ನುಡಿ ತಂತ್ರಾಂಶದ ಫಾಂಟಿನಲ್ಲಿ ಕೂರಿಸುವ ಅಂಗಡಿಗಳಲ್ಲಿ ಒತ್ತಕ್ಷರ ಒಡೆಯುತ್ತವೆ, ಫರ್ಮ್‌ವೇರ್‌ನ ಅರ್ಧ ಮ ಮೊದಲು ಹೋಗತೈತಿ. ಲಿಬ್ರೆಆಫೀಸ್‌ನಲ್ಲಿ ಪಿಡಿಎಫ್ ಮಾಡಿ, ಪಿಡಿಎಫ್‌ಫಾಂಟ್ಸ್ ಆಜ್ಞೆಯಿಂದ ನೋಡಿ, ಇಎಂಬಿ ಅಂಕಣದಲ್ಲಿ (ಫಾಂಟು ಪಿಡಿಎಫ್ ಒಳಗೇ ಸೇರಿದೆಯೇ ಎಂಬುದು) ಎಲ್ಲ ಫಾಂಟಿಗೂ ಯೆಸ್ ಇರಬೇಕು. ಆಜ್ಞೆಗಳ ಸಾಲಿನಲ್ಲಿ ಎರಡು ಡ್ಯಾಶ್ ಕೂಡಿ ಒಂದು ಉದ್ದ ಗೆರೆ ಆಗಿದೆಯೋ ಅದನ್ನೂ ನೋಡಿ. ಆಟೋಕರೆಕ್ಟ್ ಹಾಗೆ ಮಾಡತೈತಿ, ಆ ಗೆರೆ ನೋಡಿ ಟೈಪ್ ಮಾಡಿದರೆ ಆಜ್ಞೆ ನಡೆಯೋದಿಲ್ಲ.