ತಮ್ಮನಿಗೆ ದಿನಾ ವಾಂತಿ, ಸುಡುವ ನೀರು ಮೈಮೇಲೆ ಬಿದ್ದರೆ ಮಾತ್ರ ಸಮಾಧಾನ. ಇದು ಗಾಂಜಾದಿಂದಲಾ?

ಹಾಸನದ ಅಕ್ಕ:
ನನ್ನ ತಮ್ಮನಿಗೆ 24 ವರ್ಷ, ಬೆಂಗಳೂರಲ್ಲಿ ಕೆಲಸ. ಎರಡು ತಿಂಗಳಿಂದ ಬೆಳಗ್ಗೆ ಎದ್ದ ಕೂಡಲೇ ವಾಂತಿ. ಹೋದ ವಾರ ಮನೆಗೆ ಕರೆದುಕೊಂಡು ಬಂದೆವು. ಅರ್ಧ ಇಡ್ಲಿಯೂ ಹೊಟ್ಟೆಯಲ್ಲಿ ನಿಲ್ಲುವುದಿಲ್ಲ. ಎಂಡೋಸ್ಕೋಪಿ, ಸ್ಕ್ಯಾನಿಂಗ್ ಎಲ್ಲ ನಾರ್ಮಲ್. ಗ್ಯಾಸ್ಟ್ರಿಕ್ ಅಂತ ಮಾತ್ರೆ ಕೊಟ್ಟಿದ್ದಾರೆ. ದಿನಕ್ಕೆ ಐದಾರು ಸಲ ಸ್ನಾನ ಮಾಡುತ್ತಾನೆ, ಅದೂ ಸುಡುವ ನೀರು. ಗೀಸರ್ ಖಾಲಿಯಾದರೆ ಒದ್ದಾಡುತ್ತಾನೆ. ನಿನ್ನೆ ಅವನ ಬ್ಯಾಗಲ್ಲಿ ಗಾಂಜಾ ಪೊಟ್ಟಣ ಸಿಕ್ಕಿತು. ಕೇಳಿದರೆ, "ವಾಂತಿ ತಡೆಯೋಕೇ ಸೇದೋದು ಅಕ್ಕ, ಕ್ಯಾನ್ಸರ್ ಪೇಷಂಟ್‌ಗಳಿಗೂ ಕೊಡ್ತಾರೆ" ಎನ್ನುತ್ತಾನೆ. ಇದು ನಿಜವಾ?

ಅಡಿಕೆ ತೋಟದವನು:
ಅಕ್ಕ, ಸುಡುವ ನೀರಿನ ಮಾತು ಓದಿದ ತಕ್ಷಣ ಬರೆಯಲು ಕೂತೆ. ನನಗೂ ಇದೇ ಆಗಿತ್ತು.

ನನಗೀಗ 36. ಹಾಸ್ಟೆಲ್‌ನಲ್ಲಿ 19ಕ್ಕೆ ಶುರು ಮಾಡಿ 30ರವರೆಗೆ ಸೊಪ್ಪು ಸೇದಿದೆ. ಕೊನೆಕೊನೆಗೆ ಬೆಳಗಿನ ಕಾಫಿಗೂ ಮುಂಚೆ ಒಂದು ಬೇಕಿತ್ತು. ಒಂಬತ್ತನೇ ವರ್ಷದಲ್ಲಿ ವಾಂತಿ ಹಿಡಿಯಿತು. ಕೆಲಸ ಬಿಟ್ಟು ತೀರ್ಥಹಳ್ಳಿ ಹತ್ತಿರದ ನಮ್ಮೂರಿಗೆ ಬಂದೆ. ಬಚ್ಚಲಲ್ಲಿ ತಾಮ್ರದ ಹಂಡೆ. ಅಮ್ಮ ಒಲೆಗೆ ಅಡಿಕೆ ಸಿಪ್ಪೆ ತುಂಬುತ್ತಲೇ ಇರಬೇಕು, ರಾತ್ರಿ ಎರಡು ಗಂಟೆಗೂ. ನಾನು ಕಲ್ಲಿನ ಮೇಲೆ ಕೂತು ಚೊಂಬಿನಿಂದ ಹೊಟ್ಟೆಗೆ ಸುರಿದುಕೊಳ್ಳುತ್ತಿದ್ದೆ. ನೀರು ಬೀಳುವಷ್ಟು ಹೊತ್ತು ಸಮಾಧಾನ. ಚೊಂಬು ಕೆಳಗಿಟ್ಟರೆ ಮತ್ತೆ ಓಕರಿಕೆ. ಹೊಕ್ಕುಳ ಸುತ್ತ ಚರ್ಮ ಕೆಂಪಾಗಿ ಸುಲಿದಿತ್ತು. ಅಜ್ಜಿ ದೃಷ್ಟಿಯಾಗಿದೆ ಎಂದು ಉಪ್ಪು, ಮೆಣಸಿನಕಾಯಿ ನಿವಾಳಿಸಿದಳು.

ಮೂರು ಆಸ್ಪತ್ರೆ ತಿರುಗಿದೆ. ಒಬ್ಬ ಡಾಕ್ಟರ್ ಕೇಳಿಯೂ ಕೇಳಿದರು, "ಏನಾದ್ರೂ ಸೇದ್ತೀಯಾ?" ಪಕ್ಕದಲ್ಲಿ ಅಮ್ಮ ಕೂತಿದ್ದರು. ಇಲ್ಲ ಎಂದೆ. ಆ ಒಂದು ಸುಳ್ಳಿನಿಂದ ಇನ್ನೂ ಒಂದೂವರೆ ವರ್ಷ ನರಳಿದೆ. ಕೊನೆಗೆ ರಾತ್ರಿ ಡ್ಯೂಟಿಯ ಒಬ್ಬ ಚಿಕ್ಕ ವಯಸ್ಸಿನ ಡಾಕ್ಟರ್ ಅಮ್ಮನನ್ನು ಆಚೆ ಕಳಿಸಿ, "ಬಿಸಿನೀರು ಹಾಕ್ಕೊಂಡ್ರೆ ಕಡಿಮೆ ಆಗುತ್ತಾ?" ಅಂತ ಕೇಳಿದರು. ನಾನು ಅತ್ತುಬಿಟ್ಟೆ.

ಅದರ ಹೆಸರು ಕ್ಯಾನಬಿನಾಯ್ಡ್ ಹೈಪರ್‌ಎಮೆಸಿಸ್ ಸಿಂಡ್ರೋಮ್, ಅಂದರೆ ಗಾಂಜಾದಿಂದ ಬರುವ ವಿಪರೀತ ವಾಂತಿ. 2004ರಲ್ಲಿ ದಕ್ಷಿಣ ಆಸ್ಟ್ರೇಲಿಯಾದ ವೈದ್ಯರು ಇದನ್ನು ಮೊದಲು ವಿವರಿಸಿದರು. ಅವರ ರೋಗಿಗಳೂ ಹೀಗೇ ಬಿಸಿನೀರು ಬಿಟ್ಟು ಏಳುತ್ತಿರಲಿಲ್ಲ. ನಿಮ್ಮ ತಮ್ಮ ಹೇಳುವುದು ಪೂರ್ತಿ ಸುಳ್ಳಲ್ಲ. ಗಾಂಜಾದಲ್ಲಿರುವ ಟಿಎಚ್‌ಸಿಯನ್ನೇ ಕೀಮೋ ವಾಂತಿಗೆ ಮಾತ್ರೆಯಾಗಿ ಕೊಡುವುದುಂಟು. ಆದರೆ ವರ್ಷಗಟ್ಟಲೆ ಜಾಸ್ತಿ ಸೇದಿದ ಕೆಲವರಲ್ಲಿ ಅದೇ ವಸ್ತು ಉಲ್ಟಾ ಹೊಡೆಯುತ್ತದೆ. ವಾಂತಿಗೆ ಅಂತ ಇನ್ನಷ್ಟು ಸೇದುತ್ತೇವೆ, ಅದರಿಂದಲೇ ವಾಂತಿ ಜಾಸ್ತಿಯಾಗುತ್ತದೆ. ನಾನು ಹೀಗೇ ಸಿಕ್ಕಿಬಿದ್ದಿದ್ದೆ.

ಪೂರ್ತಿ ಬಿಡುವುದೊಂದೇ ದಾರಿ. ಮೊದಲ ವಾರ ಬೆವರು, ಕೆಟ್ಟ ಕನಸು, ಸಣ್ಣದಕ್ಕೂ ಸಿಟ್ಟು. ಮೂರನೇ ವಾರದಲ್ಲಿ ಗಂಜಿ, ಉಪ್ಪಿನಕಾಯಿ ಹೊಟ್ಟೆಯಲ್ಲಿ ನಿಂತಿತು. ಆರು ತಿಂಗಳಾದ ಮೇಲೆ ಒಂದು ಮದುವೆಯಲ್ಲಿ "ಒಂದೇ ಅಲ್ವಾ" ಅಂತ ಸೇದಿದೆ. ಒಂದು ಎರಡಾಯಿತು, ಆಮೇಲೆ ದಿನಾ ಆಯಿತು. ತಿಂಗಳೊಳಗೆ ಮತ್ತೆ ಹಂಡೆ ಮುಂದೆ ಕೂತಿದ್ದೆ. ಅದಾದ ಮೇಲೆ ಮುಟ್ಟಿಲ್ಲ.

ರಾತ್ರಿ ಪಾಳಿ ನರ್ಸ್:
ಮೇಲಿನವರು ಹೇಳಿದ್ದು ಸರಿ, ಆದರೆ ಮನೆಯಲ್ಲೇ ಕಾಯಬೇಡಿ. ಇಷ್ಟು ವಾಂತಿಯಾದರೆ ನೀರಿನಂಶ, ಪೊಟ್ಯಾಸಿಯಂ ಎರಡೂ ಇಳಿಯುತ್ತವೆ. ಕಿಡ್ನಿಗೆ ಪೆಟ್ಟು ಬೀಳಬಹುದು, ಹೃದಯದ ಬಡಿತ ಹೆಚ್ಚುಕಡಿಮೆಯಾಗಬಹುದು. ಮೂತ್ರ ಕಡಿಮೆಯಾಗಿದ್ದರೆ, ಎದೆ ಡವಗುಟ್ಟುತ್ತಿದ್ದರೆ ಇವತ್ತೇ ಆಸ್ಪತ್ರೆಗೆ ಹೋಗಿ. ಗಾಂಜಾ ವಿಷಯ ಮುಚ್ಚಿಡಬೇಡಿ. ಮಾಮೂಲಿ ವಾಂತಿ ಇಂಜೆಕ್ಷನ್ ಇದಕ್ಕೆ ಅಷ್ಟಾಗಿ ಕೆಲಸ ಮಾಡುವುದಿಲ್ಲ. ಗೊತ್ತಿದ್ದರೆ ಬೇರೆ ಔಷಧಿ ಕೊಡುತ್ತಾರೆ. ಮೆಣಸಿನಕಾಯಿಯ ಖಾರದ ಅಂಶ ಇರುವ ಕ್ಯಾಪ್ಸೈಸಿನ್ ಕ್ರೀಮನ್ನು ಹೊಟ್ಟೆಗೆ ಹಚ್ಚುವುದೂ ಉಂಟು.

ಇನ್ನೊಂದು ವಿಷಯ. ಅನುಮಾನ, ಕಿವಿಯಲ್ಲಿ ಮಾತು ಕೇಳಿಸುವುದು ಏನಾದರೂ ಇದೆಯಾ ಗಮನಿಸಿ. ಸ್ವೀಡನ್‌ನಲ್ಲಿ ಸೈನ್ಯಕ್ಕೆ ಸೇರಿದ 45 ಸಾವಿರಕ್ಕೂ ಹೆಚ್ಚು ಹುಡುಗರನ್ನು 15 ವರ್ಷ ಗಮನಿಸಿ 1987ರಲ್ಲಿ ವರದಿ ಪ್ರಕಟಿಸಿದರು. 50ಕ್ಕಿಂತ ಹೆಚ್ಚು ಸಲ ಗಾಂಜಾ ಸೇದಿದ್ದವರಲ್ಲಿ ಸ್ಕಿಜೋಫ್ರೀನಿಯಾ ಎಂಬ ಮಾನಸಿಕ ಕಾಯಿಲೆಯ ಸಾಧ್ಯತೆ ಸೇದದವರ 6 ಪಟ್ಟು ಇತ್ತು. ಮನೆಯಲ್ಲಿ ಯಾರಿಗಾದರೂ ಮೊದಲೇ ಇಂಥ ಕಾಯಿಲೆ ಇದ್ದರೆ ಅದನ್ನೂ ಡಾಕ್ಟರ್‌ಗೆ ಹೇಳಿ. ಬಿಡಿಸಲು ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೇ ಪ್ರತ್ಯೇಕ ವಿಭಾಗ ಇದೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಯಾವ ಹೊತ್ತಿನಲ್ಲಾದರೂ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡಬಹುದು.

ಹಾಸನದ ಅಕ್ಕ:
ನಾಲ್ಕು ದಿನ ಆಸ್ಪತ್ರೆಯಲ್ಲಿದ್ದೆವು, ಅದಕ್ಕೇ ತಡ. ಪೊಟ್ಯಾಸಿಯಂ ತುಂಬಾ ಇಳಿದಿತ್ತು. ನಾನು, ಅಮ್ಮ ಆಚೆ ಹೋದ ಮೇಲೆ ಡಾಕ್ಟರ್ ಹತ್ತಿರ ಎಲ್ಲ ಹೇಳಿದನಂತೆ. ಐದು ವರ್ಷದಿಂದ ದಿನಾ ಸೇದುತ್ತಿದ್ದಾನೆ. ನಮಗೆ ಒಂದು ಚೂರೂ ಗೊತ್ತಿರಲಿಲ್ಲ. ಈಗ ಮಜ್ಜಿಗೆ ಅನ್ನ ನಿಲ್ಲುತ್ತಿದೆ. ಆದರೆ ರಾತ್ರಿ ಪೂರ್ತಿ ನಿದ್ದೆಯಿಲ್ಲದೆ ಹಾಲ್‌ನಲ್ಲಿ ಓಡಾಡುತ್ತಾನೆ. ತೋಟದವರೇ, ನೀವು ಆಗ ಏನು ಮಾಡುತ್ತಿದ್ದಿರಿ?

ಅಡಿಕೆ ತೋಟದವನು:
ಅಮ್ಮ ಚನ್ನೆಮಣೆ ತೆಗೆದು ಎದುರಿಗೆ ಕೂರುತ್ತಿದ್ದರು. ಏನೂ ಕೇಳುತ್ತಿರಲಿಲ್ಲ, ಬೈಯುತ್ತಲೂ ಇರಲಿಲ್ಲ. ಹುಣಸೆ ಬೀಜ ಎಣಿಸಿ ಎಣಿಸಿ ಮೂರು ಗಂಟೆಯಾಗುತ್ತಿತ್ತು. ಹಗಲು ಮಲಗಲು ಬಿಡಬೇಡಿ, ಸಂಜೆ ಮೇಲೆ ಕಾಫಿ ಕೊಡಬೇಡಿ. ನನಗೆ ಹದಿನೇಳನೇ ದಿನ ಸರಿಯಾಗಿ ನಿದ್ದೆ ಬಂತು. ಅಲ್ಲಿಯವರೆಗೆ ಯಾರಾದರೂ ಒಬ್ಬರು ಅವನ ಜೊತೆ ಎದ್ದಿರಿ.